ಹೇಡಿಗಳು ಎಂದು ಬರೆಯುವ ಮುನ್ನ

ಚಿರಂಜೀವಿ ಮಗುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪ್ರಬಂಧದ ಕರಡು ಓದಿದೆ. ಪೋಲೆಂಡಿನ ಕುಲೀನರಾದ ಶ್ಲಾಖ್ತಾದವರನ್ನು 'ಹೇಡಿಗಳು' ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀಯೆ. ದಯವಿಟ್ಟು ಆ ಮಾತನ್ನು ತೆಗೆದುಹಾಕು.

ಅವರ ಕಟ್ಟುಪಾಡು ಏನಿತ್ತೆಂದು ಮೊದಲು ನೋಡು. ರಾಜನ 'ವಿಚಿ' ಎಂಬ ಕರೆಯೋಲೆ ಮೂರನೆಯ ಸಲ ಬಂತೆಂದರೆ, ಜಮೀನುಳ್ಳ ಕುಲೀನ ತನ್ನದೇ ಕುದುರೆ, ತನ್ನದೇ ಆಯುಧದೊಡನೆ ದಂಡಿಗೆ ಹೊರಡಬೇಕು. ಅವರಲ್ಲಿ ಬಡವರೂ ಬಹಳ ಮಂದಿ ಇದ್ದರು. ಹಿಂದುಳಿದ ಹೆಂಗಸರು, ಮಕ್ಕಳ ಕಾವಲಿಗೆ ವೊಯ್‌ಸ್ಕಿ ಎಂಬ ಅಧಿಕಾರಿ ಊರಲ್ಲೇ ಉಳಿಯುತ್ತಿದ್ದ.

ನೀನು ಅವಸರದಿಂದ ದಾಟಿಹೋದದ್ದು 1454ನೆಯ ವರ್ಷ. ಪ್ರಷ್ಯಾವನ್ನು ಆಳುತ್ತಿದ್ದ ಜರ್ಮನ್ ಧರ್ಮಯೋಧರ ಸಂಘವಾದ ಟ್ಯೂಟನಿಕ್ ನೈಟ್‌ಗಳ ಮೇಲೆ ಯುದ್ಧಕ್ಕೆ ಹೊರಟಿದ್ದ ನಾಲ್ಕನೆಯ ಕಾಜಿಮಿರ್ ರಾಜನನ್ನು ಕುಲೀನರು ತ್ಸೆರೆಕ್‌ವಿತ್ಸಾ ಶಿಬಿರದಲ್ಲಿ ತಡೆದು, ಹಕ್ಕುಪತ್ರ ಬರೆಸಿಕೊಂಡರು. ಆಮೇಲೆಯೇ ಕಾಳಗ. ಸೆಪ್ಟೆಂಬರ್ 18ರಂದು ಹೊಯ್ನಿತ್ಸೆಯಲ್ಲಿ ಅವರ ಮೊದಲ ದಾಳಿ ಗೆದ್ದಿತ್ತು. ಅಷ್ಟರಲ್ಲಿ ಆ ಊರಿನ ಕೋಟೆಯೊಳಗಿದ್ದ ನೈಟ್‌ಗಳ ಪಡೆ ಹಿಂದಿನಿಂದ ಎರಗಿತು, ಸೈನ್ಯ ಚದುರಿಹೋಯಿತು. ಆ ಸೋಲಿನ ಬಳಿಕವೂ ನ್ಯೆಶಾವಾದಲ್ಲಿ ರಾಜ ಹಕ್ಕನ್ನು ದೃಢಪಡಿಸಿದ: ಪ್ರಾಂತ್ಯಗಳ ಸೇಯ್ಮಿಕ್ ಸಭೆಗಳು ಒಪ್ಪದೆ ಕುಲೀನರ ದಂಡು ಕರೆಯುವಂತಿಲ್ಲ, ಹೊಸ ತೆರಿಗೆ ಹಾಕುವಂತಿಲ್ಲ.

ಶತ್ರು ಎದುರಿಗಿರುವಾಗ ಚೌಕಾಸಿಗೆ ನಿಂತದ್ದು ನನಗೆ ಒಪ್ಪಿಗೆಯಿಲ್ಲ. ಆದರೆ ಸಾಯಲು ಕರೆಯುವ ಮುನ್ನ ನಮ್ಮನ್ನು ಕೇಳಿ ಎಂದವರನ್ನು ಹೇಡಿಗಳೆನ್ನಲು ನನ್ನಿಂದಾಗದು. ಅದೇ ಕುಲೀನರು ತಮ್ಮ ಹೊಲದಲ್ಲಿ ಬಿಟ್ಟಿ ದುಡಿಯುತ್ತಿದ್ದ ರೈತರನ್ನು ಏನನ್ನೂ ಕೇಳಲಿಲ್ಲ. ಕಟುವಾಗಿ ಬರೆಯಬೇಕೆಂದಿದ್ದರೆ ಅಲ್ಲಿ ಬರೆ. ಕರಡಿನಲ್ಲಿ ರೈತರ ಹೆಸರೇ ಇಲ್ಲ.

ಮುಂದೆ ಯುದ್ಧ ಹೆಚ್ಚಾಗಿ ಕೂಲಿ ಸೈನಿಕರ ಕೈಗೆ ಹೋಯಿತು. 1462ರಲ್ಲಿ ಶ್ವೆಚಿನೊದಲ್ಲಿ ಪೋಲೆಂಡಿನ ದಳಪತಿ ಪ್ಯೋತ್ರ್ ದುನಿನ್ ಗೆದ್ದದ್ದು ಅವರ ಬಲದಿಂದಲೇ. 1466ರಲ್ಲಿ ಶಾಂತಿ ಬರುವವರೆಗೂ ಅವರ ಸಂಬಳ ಹೊಂದಿಸುವುದೇ ದೊಡ್ಡ ಪಾಡಾಗಿತ್ತು.

1655ರಲ್ಲಿ ಉಯ್‌ಶ್ಚೆಯಲ್ಲಿ ಕುಲೀನರ ದಂಡು ಸ್ವೀಡನ್ನರಿಗೆ ಶರಣಾದದ್ದನ್ನು ನಿನ್ನ ವಾದಕ್ಕೆ ಸಾಕ್ಷಿಯಾಗಿಸಿದ್ದೀಯೆ. ಎದುರಿಗಿದ್ದದ್ದು ಪಳಗಿದ ಸೇನೆ. ಶರಣಾಗತಿ ಪತ್ರಕ್ಕೆ ಒಪ್ಪಿದ್ದು ಒಪಾಲಿನ್‌ಸ್ಕಿಯಂತಹ ಪ್ರಾಂತ್ಯಾಧಿಪತಿಗಳು. ಆ ಹೊಣೆಯನ್ನು ಅವರ ತಲೆಗೆ ಹೊರಿಸು. ಕೊಸಾಕರ ಎದುರು ನಡೆದ 1651ರ ಬೆರೆಸ್ಟೆಚ್ಕೊ ಕಾಳಗ ನಿನ್ನ ಮಾತಿಗೆ ಹೆಚ್ಚು ಹೊಂದುತ್ತದೆ. ಅಲ್ಲಿ ಗೆದ್ದ ಮೇಲೆ ಮುಂದಕ್ಕೆ ಹೋಗಲೊಲ್ಲದೆ ಬಹುಪಾಲು ಕುಲೀನರು ಮನೆಗೆ ಮರಳಿದರು.

ತೀರ್ಪಿನ ಸಾಲುಗಳನ್ನು ಕೊನೆಗೆ ಬರೆ. ಮೊದಲು ಹೊಯ್ನಿತ್ಸೆಯ ಭಾಗವನ್ನು ಹೊಸದಾಗಿ ಬರೆದು ಕಳುಹಿಸು, ಕಾಯುತ್ತಿರುತ್ತೇನೆ.

ನಿನ್ನ ದೊಡ್ಡಪ್ಪ