ಮುಚ್ಚಳ ಹಾಕಿದ್ದು ನಾನು

ಪುಟ್ಟಿ,

ಭಾನುವಾರ ನೀನು ಕೇಳಿದ ತಕ್ಷಣ "ಕುಕ್ಕರ್ ಕೂಗ್ತಿದೆ, ಆಮೇಲೆ ಮಾಡ್ತೀನಿ" ಅಂತ ಫೋನ್ ಇಟ್ಟುಬಿಟ್ಟೆ ಅಲ್ವಾ? ಒಲೆ ಮೇಲೆ ಕುಕ್ಕರ್ ಇರಲೇ ಇಲ್ಲ. ಫೋನಿನಲ್ಲಿ ಉತ್ತರ ಹೇಳುವ ಧೈರ್ಯ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ವಾಟ್ಸಾಪಿನಲ್ಲಿ ಹಾಕಿದರೆ ಬಸ್ಸಿನಲ್ಲಿ ನಿಂತುಕೊಂಡೇ ಓದಿ, ಒಂದು ನಗುವ ಮುಖ ಕಳಿಸಿ ಮುಗಿಸಿಬಿಡುತ್ತೀಯ.

ಮೊದಲು ನೀನು ಕಳಿಸಿದ ಪದ್ಯದ ಮಾತು. ಬೆಲ್‌ಫಾಸ್ಟಿನಿಂದ ಬೆಲ್ಲಾಹಿ ಊರಿಗೆ ಹೋಗಿ ಐರಿಶ್ ಕವಿ ಶೇಮಸ್ ಹೀನಿಯ ಸಮಾಧಿ ನೋಡಿ ಬಂದೆ, ಅವನ ಹೆಸರಿನಲ್ಲಿ 2016ರಲ್ಲಿ ತೆರೆದ ಹೋಮ್‌ಪ್ಲೇಸ್ ಎಂಬ ಕಲಾಕೇಂದ್ರ ಕೂಡ ನೋಡಿದೆ, ಅದು ನಿಂತಿರುವ ಜಾಗದಲ್ಲಿ ಮೊದಲು ಪೊಲೀಸರ ಬ್ಯಾರಕ್ ಇತ್ತು ಅಂತೆಲ್ಲ ನೀನು ಬರೆದಿದ್ದೆ. ಜೊತೆಗೆ 'ಡೆತ್ ಆಫ್ ಎ ನ್ಯಾಚುರಲಿಸ್ಟ್' ಪದ್ಯದ ಫೋಟೋ. ನನ್ನ ಇಂಗ್ಲಿಷ್ ಗೊತ್ತಲ್ಲ ನಿನಗೆ. ಫೋಟೋ ದೊಡ್ಡದು ಮಾಡಿಕೊಂಡು, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಮೂರು ರಾತ್ರಿ ಓದಿದೆ. ಅದೇ ಹೆಸರಿನ ಪುಸ್ತಕ 1966ರಲ್ಲಿ ಬಂದದ್ದಂತೆ, ಅವನಿಗಾಗ ಇಪ್ಪತ್ತೇಳು. ನೊಬೆಲ್ ಬಂದದ್ದು 1995ರಲ್ಲಿ. ಅದೆಲ್ಲ ಇರಲಿ, ಮೊದಲ ಸಾಲಿಗೇ ನನಗೆ ವಾಸನೆ ಬಡಿಯಿತು.

ಊರ ನಡುವೆ ಒಂದು ಹೊಂಡ, ಅದರಲ್ಲಿ ಫ್ಲ್ಯಾಕ್ಸ್ ಕೊಳೆಯುತ್ತಿದೆ. ಅದು ಐರಿಶ್ ಗಿಡ ಇರಬೇಕು ಅಂತ ನೀನು ಬರೆದಿದ್ದೆ. ಅಲ್ಲವೇ ಹುಚ್ಚಿ, ಅದು ನಮ್ಮ ಅಗಸಿ! ನಿನ್ನ ಅಜ್ಜಿ ಹುರಿದು ಹಿಂಡಿ ಕುಟ್ಟುತ್ತಿದ್ದಳಲ್ಲ, ಅದೇ ಗಿಡ. ನಾವು ಬೀಜಕ್ಕೆ ಬೆಳೆಯುತ್ತೇವೆ, ಆ ಕಡೆಯವರು ನಾರಿಗೆ ಬೆಳೆಯುತ್ತಿದ್ದರು, ನೀನಿರುವ ಊರಿನ ಲಿನನ್ ಬಟ್ಟೆಯೆಲ್ಲ ಆ ನಾರಿನಿಂದಲೇ. ಗಿಡವನ್ನು ಬುಡಸಮೇತ ಕಿತ್ತು, ಸಿವುಡು ಕಟ್ಟಿ, ಹೊಂಡದ ನೀರಿನಲ್ಲಿ ಮುಳುಗಿಸಿ, ಮೇಲೆ ಹುಲ್ಲುಹೆಂಟೆ ಹೇರಿ ವಾರ ಹತ್ತು ದಿನ ಕೊಳೆಹಾಕುವುದು. ನಮ್ಮಲ್ಲಿ ಹಗ್ಗಕ್ಕೆ ಪುಂಡಿಯನ್ನು ಹೀಗೇ ನೆನೆಹಾಕುತ್ತಿದ್ದರು. ಆ ನಾತಕ್ಕೆ ನಾವು ಮೂಗು ಹಿಡಿದುಕೊಂಡು ಓಡುತ್ತಿದ್ದೆವು. ಹೀನಿಯ ಹುಡುಗ ಮಾತ್ರ ಓಡಲ್ಲ. ನೊಣಗಳ ಗುಂಯ್‌ಗುಟ್ಟುವಿಕೆ, ಗುಳುಗುಳು ಗುಳ್ಳೆ, ಏರೋಪ್ಲೇನ್ ಚಿಟ್ಟೆ, ಎಲ್ಲವೂ ಅವನಿಗೆ ಚಂದವೇ. ಎಲ್ಲಕ್ಕಿಂತ ಚಂದ ಕಪ್ಪೆಮೊಟ್ಟೆಯ ಲೋಳೆ. ಜಾಮ್ ಬಾಟಲಿಗಳಲ್ಲಿ ತುಂಬಿಕೊಂಡು ಬಂದು ಮನೆಯ ಕಿಟಕಿಯಲ್ಲಿ, ಶಾಲೆಯ ಕಪಾಟಿನಲ್ಲಿ ಸಾಲಾಗಿ ಇಟ್ಟು, ಕಪ್ಪು ಚುಕ್ಕಿ ದಪ್ಪಗಾಗಿ ಒಡೆದು ಗೊದಮೊಟ್ಟೆ ಆಗುವುದನ್ನೇ ಕಾಯುತ್ತಾನೆ.

ಅಲ್ಲಿ ಒಬ್ಬ ಟೀಚರ್ ಬರುತ್ತಾರೆ, ಮಿಸ್ ವಾಲ್ಸ್. ಅಪ್ಪ ಕಪ್ಪೆ ಹೀಗೆ ಕೂಗುತ್ತದೆ, ಅಮ್ಮ ಕಪ್ಪೆ ನೂರಾರು ಪುಟ್ಟ ಮೊಟ್ಟೆ ಇಡುತ್ತದೆ ಅಂತ ಪಾಠ. ಓದಿ ನನಗೆ ನಾಚಿಕೆಯಾಯಿತು, ಯಾಕೆಂದರೆ ಹತ್ತೊಂಬತ್ತು ವರ್ಷದಿಂದ ಏಳನೇ ತರಗತಿಗೆ ನಾನು ಮಾಡುತ್ತಿರುವ ಪಾಠವೂ ಬಹುಪಾಲು ಅದೇ. (ಅಪ್ಪ ಕಪ್ಪೆಗೆ ಬುಲ್‌ಫ್ರಾಗ್ ಅನ್ನುತ್ತಾರೆ ಅಂತ ಆ ಟೀಚರ್ ಹೇಳಿದ್ದು ಮಾತ್ರ ತಪ್ಪು. ಐರ್ಲೆಂಡಿನ ಕಪ್ಪೆ ಒಂದೇ ಜಾತಿ, ಅದು ಬುಲ್‌ಫ್ರಾಗ್ ಅಲ್ಲ. ಸೈನ್ಸ್ ಟೀಚರ್ ಬುದ್ಧಿ, ಏನು ಮಾಡಲಿ.)

ಆಮೇಲೆ ಒಂದು ದಿನ ಸೆಕೆ, ಸಗಣಿ ವಾಸನೆ. ಹುಡುಗ ಬೇಲಿ ನುಸುಳಿ ಹೊಂಡಕ್ಕೆ ಬಂದರೆ ದಪ್ಪ ಹೊಟ್ಟೆಯ ಕಪ್ಪೆಗಳು ಹೆಂಟೆ ಹೆಂಟೆಯ ಮೇಲೂ ಕೂತು ಗಂಟಲು ಉಬ್ಬಿಸಿ ಕೂಗುತ್ತಿವೆ. ಒಂದೊಂದೂ ಕೆಸರಿನ ಗ್ರೆನೇಡ್ ಥರ ಕಾಣುತ್ತದೆ. ಕಪ್ಪೆಯ ಪದ್ಯದಲ್ಲಿ ಗ್ರೆನೇಡ್ ಎಲ್ಲಿಂದ ಬಂತು ಅಂತ ನೀನು ಕೇಳಿದ್ದೆ. ಅವನು ಹುಟ್ಟಿದ್ದು 1939ರಲ್ಲಿ, ಯುದ್ಧ ಶುರುವಾದ ವರ್ಷ. ಮನೆಯ ಹತ್ತಿರದ ಟೂಮ್‌ಬ್ರಿಜ್‌ನಲ್ಲಿ ವಿಮಾನ ನಿಲ್ದಾಣ ಇತ್ತು, ಅಮೆರಿಕದ ಬಾಂಬರ್‌ಗಳ ಸದ್ದು ಕೇಳಿಕೊಂಡೇ ಬೆಳೆದವನು. ಗ್ರೆನೇಡ್ ಎಂಬ ಮಾತು ಬೇರೆ ಎಲ್ಲಿಂದಲೋ ಬರಬೇಕಿರಲಿಲ್ಲ. ಕಪ್ಪೆಗಳು ಸೇಡು ತೀರಿಸಿಕೊಳ್ಳಲು ಬಂದಿವೆ ಅಂತ ಹುಡುಗ ಓಡುತ್ತಾನೆ. ನೀರಿಗೆ ಕೈಹಾಕಿದರೆ ಆ ಲೋಳೆಯೇ ತನ್ನ ಕೈ ಹಿಡಿದುಕೊಳ್ಳುತ್ತದೆ ಅನ್ನುವ ಭಯ.

ಇದು ಹುಡುಗ ದೊಡ್ಡವನಾಗುವುದರ ಪದ್ಯ, ಗಂಡು ಹೆಣ್ಣಿನ ವಿಷಯ ಮೊದಲ ಸಲ ತಿಳಿದು ಅಸಹ್ಯಪಡುವುದರ ಪದ್ಯ ಅಂತ ನಿನ್ನ ಗೆಳತಿ ಹೇಳಿದಳಂತೆ. ಇರಬಹುದು. ನನಗೆ ಕಂಡಿದ್ದು ಬೇರೆ. ಒಂದು ಲೆಕ್ಕ ನೋಡು. ಮೊಟ್ಟೆ ಬಿದ್ದ ಮೇಲೆ ಕಪ್ಪೆ ಕೂಗುವುದಲ್ಲ, ಗಂಡು ಕೂಗಿ ಹೆಣ್ಣು ಬಂದ ಮೇಲೆಯೇ ಮೊಟ್ಟೆ. ನಮ್ಮ ಗದ್ದೆಯಲ್ಲಿ ಮೊದಲ ಮಳೆಗೆ ನೋಡಿದ್ದೀಯಲ್ಲ, ಅರಿಶಿನ ಬಳಿದುಕೊಂಡಂಥ ಗಂಡುಕಪ್ಪೆಗಳು ಗಂಟಲಿನ ಎರಡೂ ಕಡೆ ನೀಲಿ ಚೀಲ ಉಬ್ಬಿಸಿಕೊಂಡು ಕೂಗುತ್ತವಲ್ಲ, ಹಾಗೆ. ಅಂದರೆ ಆ ಹುಡುಗ ಬಾಟಲಿ ತುಂಬಿಕೊಂಡ ಪ್ರತಿ ವರ್ಷವೂ, ಅವನು ಬರುವ ಮೊದಲೇ ಆ ಹೊಂಡದಲ್ಲಿ ಕೂಗು ಆಗಿಹೋಗಿತ್ತು. ಅವನು ಯಾವಾಗಲೂ ತಡವಾಗಿ ಬರುತ್ತಿದ್ದ, ಅಷ್ಟೆ. ಟೀಚರ್ ಪಾಠದಲ್ಲಿ ಆ ಗದ್ದಲ ಇರಲಿಲ್ಲ. ನನ್ನ ಪಾಠದಲ್ಲೂ ಇಲ್ಲ.

ಇನ್ನೊಂದು. ಪಾಪ, ಆ ಕಪ್ಪೆಗಳು ಸೇಡಿಗೆ ಬಂದವಲ್ಲ, ಹೆಣ್ಣನ್ನು ಕರೆಯಲು ಕೂತವು. ಸೇಡು ಅಂತ ಕಂಡದ್ದು ಹುಡುಗನಿಗೆ. ಅಷ್ಟು ವರ್ಷ ಬಾಟಲಿಗಟ್ಟಲೆ ಕದ್ದವನಲ್ಲವೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ನಾನೂ ಭಾನುವಾರ ಹೆಗಲು ಮುಟ್ಟಿ ನೋಡಿಕೊಂಡೆ. "ಅವ್ವಾ, ನನ್ನ ಬಾಟಲಿ ಕಪ್ಪೆಮರಿ ಬಾವಿಗೆ ಹೋದವು ಅಂದಿದ್ಯಲ್ಲ, ನಿಜವಾ?" ಅಂತ ನಗುತ್ತಾ ಕೇಳಿದೆ ನೀನು.

ಇಲ್ಲ, ಹೋಗಲಿಲ್ಲ. ನೀನಾಗ ಎರಡನೇ ಕ್ಲಾಸು. ಹಾನಗಲ್ಲಿನ ಮನೆ, ಹಿತ್ತಲಿನ ಆಚೆ ಗದ್ದೆ. ಉಪ್ಪಿನಕಾಯಿ ಬಾಟಲಿಯಲ್ಲಿ ಇಪ್ಪತ್ತೋ ಮೂವತ್ತೋ ಗೊದಮೊಟ್ಟೆ ಹಿಡಿದುಕೊಂಡು ಬಂದೆ, ಲಂಗವೆಲ್ಲ ಕೆಸರು. ಅಡುಗೆಮನೆ ಕಿಟಕಿಯಲ್ಲಿ ಇಟ್ಟು, ಅನ್ನದ ಅಗುಳು ಹಾಕಿ, ಒಂದಕ್ಕೆ ನಿನ್ನದೇ ಹೆಸರು ಇಟ್ಟೆ. ರಾತ್ರಿ ಮಲಗುವಾಗ ಬೆಕ್ಕು ಬಂದೀತು, ನೀರಿಗೆ ಸೊಳ್ಳೆ ಆದೀತು ಅಂತ ನಾನು ಮುಚ್ಚಳ ತಿರುಗಿಸಿ ಬಿಗಿ ಮಾಡಿದೆ. ಕಿವಿರಿನಲ್ಲಿ ಉಸಿರಾಡುವ ಜೀವಕ್ಕೆ ನೀರಿನಲ್ಲಿ ಆಮ್ಲಜನಕ ಬೇಕು ಅಂತ ಬೋರ್ಡಿನ ಮೇಲೆ ಬರೆಸುವವಳು ನಾನೇ. ಬೆಳಿಗ್ಗೆ ಐದೂವರೆಗೆ ಹಾಲು ಕಾಯಿಸಲು ಎದ್ದು ನೋಡಿದರೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆ ಬಿಳಿ ಹೊಟ್ಟೆ ಈಗಲೂ ಕಣ್ಣ ಮುಂದಿದೆ. ಕರಿಬೇವಿನ ಬುಡಕ್ಕೆ ಸುರಿದು, ಬಾಟಲಿ ತೊಳೆದು ಬೋರಲು ಹಾಕಿದೆ.

ನೀನು ಎದ್ದು ಬಂದಾಗ, ರಾತ್ರಿ ಕಾಲು ಬಂದವು, ಜಿಗಿದು ಬಾವಿಗೆ ಹೋದವು ಅಂದೆ. "ನಿನ್ನೆ ಒಂದಕ್ಕೂ ಕಾಲಿರಲಿಲ್ಲ" ಅಂದೆ ನೀನು. ಸ್ವಲ್ಪ ಹೊತ್ತು ಬಿಟ್ಟು, "ಮುಚ್ಚಳ ಹಾಕಿತ್ತಲ್ಲ?" ಅಂತ ಕೇಳಿದೆ. ನಾನೇ ತೆಗೆದೆ ಅಂದೆ. ಕರಿಬೇವಿನ ಕಡೆ ನೋಡಬೇಡ ಅಂತ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ನೀನು ತಲೆ ಆಡಿಸಿ ಹಲ್ಲುಜ್ಜಲು ಹೋದೆ. ಅಬ್ಬಾ, ನಂಬಿದಳು ಅಂದುಕೊಂಡೆ.

ಅದೇ ಪುಸ್ತಕದಲ್ಲಿ ಇನ್ನೊಂದು ಪದ್ಯ ಇದೆ, 'ಬ್ಲ್ಯಾಕ್‌ಬೆರಿ ಪಿಕಿಂಗ್'. ಅದನ್ನು ನಾನೇ ಹುಡುಕಿ ಓದಿದೆ, ಶಹಬ್ಬಾಸ್ ಅನ್ನು. ಮಕ್ಕಳು ಹಾಲಿನ ಕ್ಯಾನು, ಜಾಮ್ ಬಾಟಲಿ ಸಿಕ್ಕಿದ್ದರಲ್ಲೆಲ್ಲ ಹಣ್ಣು ತುಂಬಿ, ಕೈಯೆಲ್ಲ ಮುಳ್ಳು ತರಚಿಸಿಕೊಂಡು ತಂದು ಕೊಟ್ಟಿಗೆಯಲ್ಲಿ ಕೂಡಿಡುತ್ತಾರೆ. ಅದಕ್ಕೆ ಇಲಿಬಣ್ಣದ ಬೂಸ್ಟು ಬರುತ್ತದೆ, ಹುಡುಗನಿಗೆ ಅಳು ಬರುತ್ತದೆ. ಕೊನೆಯಲ್ಲಿ ಅವನು ಹೇಳುತ್ತಾನೆ: ಪ್ರತಿ ವರ್ಷ ಉಳಿಯಲಿ ಅಂತ ಆಸೆಪಡುತ್ತಿದ್ದೆ, ಉಳಿಯಲ್ಲ ಅಂತಲೂ ಗೊತ್ತಿತ್ತು.

ಆ ಮಾತು ಓದಿ ಪುಸ್ತಕ ಮುಚ್ಚಿಟ್ಟೆ. ಯಾಕೆಂದರೆ ಆಗ ನೆನಪಾಯಿತು, ಮುಂದಿನ ಮಳೆಗಾಲ ನೀನು ನನ್ನ ಹತ್ತಿರ ಬಾಟಲಿ ಕೇಳಲೇ ಇಲ್ಲ. ಗದ್ದೆಗೆ ಹೋಗುತ್ತಿದ್ದೆ, ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ನೀರು ನೋಡಿ ಖಾಲಿ ಕೈಯಲ್ಲಿ ವಾಪಸ್ ಬರುತ್ತಿದ್ದೆ. ದೊಡ್ಡವಳಾದಳು, ಆಸೆ ಹೋಯಿತು ಅಂತ ನಾನು ನಿನ್ನ ಅಪ್ಪನ ಹತ್ತಿರ ಹೇಳಿದ್ದೆ. ನಿಜ ಹೇಳು, ಅವತ್ತೇ ಗೊತ್ತಾಗಿತ್ತಾ ನಿನಗೆ?

ಇಲ್ಲಿ ನಿನ್ನೆಯಿಂದ ಜೋರು ಮಳೆ, ಎದುರಿನ ಖಾಲಿ ಸೈಟಿನಲ್ಲಿ ಕಪ್ಪೆಗಳ ಗಲಾಟೆಗೆ ನಿನ್ನ ಅಪ್ಪ ಕಿಟಕಿ ಮುಚ್ಚು ಅಂತಿದ್ದಾರೆ. ಮುಚ್ಚಿಲ್ಲ. ಈ ಪತ್ರದ ಜೊತೆ ಅಗಸಿ ಹಿಂಡಿ ಕಳಿಸುತ್ತಿದ್ದೇನೆ, ನಿನ್ನ ರೂಮಿನವರಿಗೂ ಕೊಡು, ಇದು ನಿಮ್ಮ ಲಿನನ್ ಗಿಡದ್ದೇ ಬೀಜ ಅಂತ ಹೇಳು. ಬಾಟಲಿ ಹೊಸದು, ಹೆದರಬೇಡ.

ನಿನ್ನ,
ಅವ್ವ