ಮಗಳಿಗೊಂದು ಪತ್ರ: ಸಂಬಳದ ಲೆಕ್ಕದಲ್ಲಿ ಬಣ್ಣ

ಪುಟ್ಟಿ,

‘ದಿ ಗುಡ್ ಫೈಟ್’ ಅನ್ನೋ ಅಮೆರಿಕದ ಟಿವಿ ಧಾರಾವಾಹಿಯ ಮೂರನೇ ಸೀಸನ್ ನೋಡಿ ನೀನು ಕೇಳಿದ ಪ್ರಶ್ನೆ ಒಳ್ಳೇದು. ಷಿಕಾಗೋದಲ್ಲಿ ಕಪ್ಪು ಜನರೇ ನಡೆಸುವ ವಕೀಲರ ಸಂಸ್ಥೆ, ಅಲ್ಲೂ ಬಿಳಿಯರಿಗೆ ಹೆಚ್ಚು ಸಂಬಳ. ಕೊಡುವವರೂ ಕಪ್ಪು ಜನರೇ ಆದರೆ ಅದು ಜನಾಂಗಭೇದ ಹೇಗಾಗುತ್ತೆ ಅಂದೆ.

ಆಗುತ್ತೆ ಕಣೇ. ತಮ್ಮವರಿಗೆ ತಾವೇ ಭೇದ ಮಾಡಲಾರರು ಅಂತ ಮೊದಲೇ ಊಹಿಸಿಕೊಳ್ಳೋ ಹಾಗಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟು 1977ರಲ್ಲೇ ಹೇಳಿದೆ. 1998ರಲ್ಲಿ ಓಂಕೇಲ್ ಅನ್ನೋ ಉದ್ಯೋಗದ ಮೊಕದ್ದಮೆಯಲ್ಲಿ ಅದನ್ನೇ ಎತ್ತಿಹಿಡಿಯಿತು. ಉದ್ಯೋಗದಲ್ಲಿ ಭೇದ ನಿಷೇಧಿಸೋ, 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೇ ಅಧ್ಯಾಯ ಕೇಳೋದು ಒಂದೇ: ಯಾಕೆ ಕಡಿಮೆ ಕೊಟ್ಟಿರಿ?

ಈ ‘ಯಾಕೆ’ ಕೋರ್ಟಿನ ಭಾಷಣದಲ್ಲಿ ಸಿಗಲ್ಲ, ಹೋಲಿಕೆಯಲ್ಲಿ ಸಿಗುತ್ತೆ. ಒಂದು ಹಾಳೆ ತಗೊಂಡು ಕಾಲಂ ಹಾಕು: ಹುದ್ದೆ, ಸೇರಿದ ತಿಂಗಳು, ಅನುಭವ, ಯಾರ ಕೈಕೆಳಗೆ, ಮೂಲ ಸಂಬಳ, ಬೋನಸ್. ಒಂದೇ ಹುದ್ದೆ, ಒಂದೇ ಮೇಲಧಿಕಾರಿ, ಹೆಚ್ಚುಕಮ್ಮಿ ಒಂದೇ ಅನುಭವ ಇರೋ ಇಬ್ಬರ ಸಾಲು ಪಕ್ಕಪಕ್ಕ ಬಂದು, ಸಂಬಳದ ಕಾಲಂ ಮಾತ್ರ ಬೇರೆ ಇದ್ದರೆ ಆ ಹೋಲಿಕೆಗೆ ಬಲ. ಬೇರೆ ವಿಭಾಗದವರನ್ನು ತಂದು ಸೇರಿಸಿದರೆ ‘ಇವರ ಕೆಲಸವೇ ಬೇರೆ’ ಅಂತ ಎದುರು ವಕೀಲರು ಹಾಳೆಯನ್ನೇ ಪಕ್ಕಕ್ಕಿಡ್ತಾರೆ.

ಆಮೇಲೆ ಸಂಸ್ಥೆ ಕಾರಣ ಹೇಳುತ್ತೆ. ‘ಹಿಂದಿನ ಕೆಲಸದಲ್ಲೇ ಅವರಿಗೆ ಜಾಸ್ತಿ ಇತ್ತು’ ಅನ್ನೋದು ಹಳೇ ಉತ್ತರ. ಹಳೇ ಸಂಬಳದಲ್ಲೇ ಹಳೇ ಅನ್ಯಾಯ ಕೂತಿರುತ್ತೆ, ಅದನ್ನೇ ಅಳತೆ ಮಾಡಿಕೊಂಡರೆ ಅನ್ಯಾಯ ಮುಂದಿನ ಆಫೀಸಿಗೂ ದಾಟುತ್ತೆ. ಅದಕ್ಕೇ ಷಿಕಾಗೋ ಇರೋ ಇಲಿನಾಯ್ ರಾಜ್ಯ 2019ರ ಸೆಪ್ಟೆಂಬರ್ 29ರಿಂದ ಕೆಲಸಕ್ಕೆ ಅರ್ಜಿ ಹಾಕಿದವರ ಹಿಂದಿನ ಸಂಬಳ ಕೇಳೋದನ್ನೇ ನಿಷೇಧಿಸಿತು. ಆ ಸೀಸನ್ ಪ್ರಸಾರವಾದದ್ದೂ ಅದೇ ವರ್ಷ.

ನಿನ್ನ ಆಫೀಸಿನಲ್ಲೂ ಇಂಥ ಮಾತು ಎದ್ದಿದೆ ಅಂದೆಯಲ್ಲ, ಅದಕ್ಕೆ ಇಷ್ಟು ಬರೀತೀನಿ. ನೀನು ಎಚ್-1ಬಿ ವೀಸಾದಲ್ಲಿದ್ದರೂ 1964ರ ಆ ಕಾಯ್ದೆಯ ರಕ್ಷಣೆ ನಿನಗೂ ಇದೆ. ನಿನ್ನ ವೀಸಾಕ್ಕಾಗಿ ಕಂಪನಿ ಕಾರ್ಮಿಕ ಇಲಾಖೆಗೆ ಕೊಟ್ಟ ಎಲ್‌ಸಿಎ (ಸಂಬಳ, ಕೆಲಸದ ಷರತ್ತು ಹೇಳೋ) ಅರ್ಜಿಯ ಕಡತ ಸಾರ್ವಜನಿಕ ಪರಿಶೀಲನೆಗೆ ಇಟ್ಟಿರಲೇಬೇಕು. ಅದರಲ್ಲಿ ನಿನ್ನ ಸಂಬಳದ ದರ ಇರುತ್ತೆ, ಕೇಳಿ ನೋಡು.

ದೂರು ಬಾಯಲ್ಲಿ ಹೇಳಬೇಡ, ಇಮೇಲ್ ಮಾಡು. ‘ನನಗೆ ಅನ್ಯಾಯ ಆಗಿದೆ’ ಅಂತಷ್ಟೇ ಬರೆದರೆ ಸಾಲದು. ಜನಾಂಗ ಅಥವಾ ಮೂಲದೇಶದ ಕಾರಣಕ್ಕೆ ಅಂತ ಆ ಪದಗಳಲ್ಲೇ ಬರಿ. ಆ ಪದ ಇಲ್ಲದಿದ್ದರೆ, ನಾಳೆ ಸೇಡಿಗೆ ಕೆಲಸದಿಂದ ತೆಗೆದಾಗ ಕಾಯ್ದೆಯ ರಕ್ಷಣೆ ಪಡೆಯೋದು ಕಷ್ಟ. ಆದರೆ ಆಫೀಸಿನ ಗೌಪ್ಯ ಕಡತಗಳನ್ನು ನಿನ್ನ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡ. ಅದು ಆಮೇಲೆ ಗೊತ್ತಾದರೂ ಪರಿಹಾರ ಕಡಿಮೆಯಾಗಬಹುದು ಅಂತ 1995ರ ತೀರ್ಪಿದೆ. ನಿನ್ನ ಸ್ವಂತ ಪೇಸ್ಲಿಪ್ ಇಟ್ಟುಕೋ. ಯಾವತ್ತು, ಯಾರು, ಏನಂದರು ಅಂತ ಅವತ್ತೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು.

ಅಮೆರಿಕದ ಕೇಂದ್ರ ಸರ್ಕಾರದ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ದೂರು ಕೊಡಲು ಇಲಿನಾಯ್‌ನಲ್ಲಿ ಭೇದ ನಡೆದ ದಿನದಿಂದ 300 ದಿನ. ಕಡಿಮೆ ಸಂಬಳದ ವಿಷಯದಲ್ಲಿ 2009ರ ಕಾಯ್ದೆಯಿಂದಾಗಿ ಪ್ರತಿ ಸಂಬಳದ ದಿನದಿಂದಲೂ ಹೊಸ ಲೆಕ್ಕ ಶುರು. ಬಡ್ತಿ ತಪ್ಪಿಸಿದರೆ ಹಾಗಲ್ಲ, ತಪ್ಪಿಸಿದ ದಿನದಿಂದಲೇ ಎಣಿಕೆ. ಆಯೋಗ ‘ಕೋರ್ಟಿಗೆ ಹೋಗಬಹುದು’ ಅಂತ ಪತ್ರ ಕೊಟ್ಟ ಮೇಲೆ 90 ದಿನದೊಳಗೆ ದಾವೆ ಹೂಡಬೇಕು.

ಇಮೇಲ್‌ನ ಕರಡು ಮೊದಲು ನನಗೆ ಕಳಿಸು, ಓದಿ ಹೇಳ್ತೀನಿ.

ನಿನ್ನ,
ಅಮ್ಮ