ಎಥೆನಾಲ್ ವಿಚಾರ: ನಮ್ಮ ಗ್ಯಾರೇಜಿನಲ್ಲಿ ಎರಡು ಬದಲಾವಣೆ

ಗ್ರಾಹಕರೆಲ್ಲರಿಗೂ ನಮಸ್ಕಾರ.

ಬಂಕಿನ ಪೆಟ್ರೋಲಿಗೆ ಮೇಲಿಂದ ಎಥೆನಾಲ್ (ಕಬ್ಬು, ಮೆಕ್ಕೆಜೋಳದಂಥ ಬೆಳೆಯಿಂದ ಮಾಡುವ ಸ್ಪಿರಿಟ್) ಬೆರೆಸಿ ಓಡಿಸಲು ಗಾಡಿ ರೆಡಿ ಮಾಡಿಕೊಡುವ ಕೆಲಸವನ್ನು ಮುಂದಿನ ತಿಂಗಳ 1ನೇ ತಾರೀಖಿನಿಂದ ನಾವು ಹಿಡಿಯುವುದಿಲ್ಲ. ಕಿಟ್ ಕೂರಿಸುವುದೂ ಇಲ್ಲ. ಜೊತೆಗೆ, 2023ಕ್ಕಿಂತ ಹಳೆಯ ಪೆಟ್ರೋಲ್ ಗಾಡಿ ಸರ್ವಿಸಿಗೆ ಬಂದರೆ ಪೆಟ್ರೋಲ್ ಪೈಪು, ಫಿಲ್ಟರ್, ರಬ್ಬರ್ ಸೀಲುಗಳನ್ನು ನೋಡದೆ ಕಳಿಸುವುದಿಲ್ಲ. ನೋಡುವುದಕ್ಕೆ ಬೇರೆ ಚಾರ್ಜ್ ಇಲ್ಲ. ಬದಲಾಯಿಸಬೇಕು ಅನ್ನಿಸಿದರೆ ಮೊದಲು ಫೋನ್ ಮಾಡಿ ಕೇಳುತ್ತೇವೆ, ತೆಗೆದ ಪೈಪನ್ನು ನಿಮ್ಮ ಕೈಗೇ ಕೊಡುತ್ತೇವೆ.

ಈಚೆಗೆ ನಮ್ಮ ಭಾಗದ ಮುಖಂಡರೊಬ್ಬರು ರೈತರ ಸಭೆಯಲ್ಲಿ ಮಾತಾಡುತ್ತಾ, ಯಾವ ಕಾರಿಗಾದರೂ ಅರ್ಧಕ್ಕರ್ಧ ಎಥೆನಾಲ್ ಹಾಕಬಹುದು, ಬ್ರೆಜಿಲ್‌ನಲ್ಲಿ ಹಾಕುತ್ತಾರೆ ಎಂದರು. ಅವತ್ತಿನಿಂದ ಗ್ಯಾರೇಜಿಗೆ ಬಂದವರೆಲ್ಲ ಅದನ್ನೇ ಕೇಳುತ್ತಿದ್ದಾರೆ. ಮೆಕ್ಕೆಜೋಳಕ್ಕೆ ಒಳ್ಳೆ ರೇಟು ಸಿಗಲಿ ಅನ್ನುವ ಅವರ ಕಾಳಜಿ ನಮ್ಮದೂ ಹೌದು. ನಮ್ಮಲ್ಲಿ ಕೆಲಸ ಮಾಡುವ ಹುಡುಗರು ಜಗಳೂರು, ಚನ್ನಗಿರಿ ಕಡೆಯ ರೈತರ ಮಕ್ಕಳೇ. ಆದರೆ ಆ ಸಲಹೆ ತಪ್ಪು.

ಬ್ರೆಜಿಲ್‌ನಲ್ಲಿ 2003ರಿಂದ ಫ್ಲೆಕ್ಸ್ ಫ್ಯೂಯಲ್ ಕಾರುಗಳು, ಅಂದರೆ ಪೆಟ್ರೋಲಿನಲ್ಲಿ ಎಥೆನಾಲ್ ಎಷ್ಟೇ ಇದ್ದರೂ ಓಡುವ ಕಾರುಗಳು, ಬಂದಿವೆ. ಅವುಗಳ ಪೈಪು, ಪಂಪು, ಇಂಜೆಕ್ಟರ್, ಕಂಪ್ಯೂಟರ್ ಎಲ್ಲ ಅದಕ್ಕೆಂದೇ ಮಾಡಿದವು. ನಮ್ಮ ಕಾರುಗಳು ಹಾಗಿಲ್ಲ. ಒಂದು ಕೆಜಿ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು, ಎಥೆನಾಲ್‌ಗೆ 9 ಕೆಜಿ ಸಾಕು. ಎಥೆನಾಲ್ ಜಾಸ್ತಿ ಆದಷ್ಟೂ ಇಂಜಿನ್‌ಗೆ ಇಂಧನ ಹೆಚ್ಚು ಬಿಡಬೇಕು. ಸೆನ್ಸರ್ ಇರುವ ಕಾರು ಒಂದು ಮಟ್ಟದವರೆಗೆ ಸರಿದೂಗಿಸಿಕೊಳ್ಳುತ್ತದೆ, ಆಮೇಲೆ ಇಂಜಿನ್ ಲೈಟ್ ಹತ್ತಿಕೊಳ್ಳುತ್ತದೆ. ಕಾರ್ಬುರೇಟರ್ ಗಾಡಿಗೆ ಆ ಅನುಕೂಲವೂ ಇಲ್ಲ. ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗುವುದೇ ಕಷ್ಟ, ಸ್ಟಾರ್ಟ್ ಆದರೂ ಜಗ್ಗುತ್ತದೆ.

ಮೈಲೇಜ್ ಕಡಿಮೆ ಆಗಲ್ಲ ಅನ್ನುವ ಮಾತೂ ಸರಿಯಲ್ಲ. ಲೀಟರ್ ಲೆಕ್ಕದಲ್ಲಿ ಎಥೆನಾಲ್‌ನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಮ್ಮಿ. ಬರೀ ಪೆಟ್ರೋಲಿಗೆ ತಯಾರಾಗಿ 10% ಎಥೆನಾಲ್ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ, ಅದು 20% ಆದಾಗ ಮೈಲೇಜ್ 6ರಿಂದ 7% ಇಳಿಯಬಹುದು ಎಂದು 2021ರ ನೀತಿ ಆಯೋಗದ ವರದಿಯೇ ಹೇಳಿದೆ. ಹಾಗಿದ್ದರೆ ಅರ್ಧಕ್ಕರ್ಧ ಹಾಕಿದಾಗ ಏನಾಗಬೇಕು?

ನಂಬಿಕೆ ಬರದವರು ಗ್ಯಾರೇಜಿಗೆ ಬನ್ನಿ, ಕಣ್ಣಾರೆ ನೋಡಿ. ಗೆರೆ ಹಾಕಿದ ಗಾಜಿನ ಜಾರಿಗೆ 20 ಮಿಲಿ ನೀರು, ನಿಮ್ಮ ಟ್ಯಾಂಕಿನ 80 ಮಿಲಿ ಪೆಟ್ರೋಲ್ ಹಾಕಿ ಅಲ್ಲಾಡಿಸಿ ಇಡುತ್ತೇವೆ. ಸ್ವಲ್ಪ ಹೊತ್ತಿಗೆ ಎಥೆನಾಲ್ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಕೆಳಗೆ ಇಳಿಯುತ್ತದೆ. 20% ಇದ್ದರೆ ಕೆಳಗಿನ ಪದರ ಸುಮಾರು 36ರ ಗೆರೆಗೆ ಬರುತ್ತದೆ. ಅದಕ್ಕಿಂತ ತುಂಬಾ ಮೇಲೆ ಹೋದರೆ ಯಾರೋ ಎಥೆನಾಲ್ ಬೆರೆಸಿರಬಹುದು, ಇಲ್ಲವೇ ಟ್ಯಾಂಕಿಗೆ ನೀರು ಸೇರಿರಬಹುದು. ಟ್ಯಾಂಕಿಗೆ ನೀರು ಸೇರಿದರೆ ಒಳಗೂ ನಡೆಯುವುದು ಇದೇ: ತಳದಲ್ಲಿ ನಿಂತ ಆ ನೀರು ನೇರ ಪಂಪಿಗೆ ಹೋಗುತ್ತದೆ. ದಯವಿಟ್ಟು ಇದನ್ನು ಮನೆಯಲ್ಲಿ ಮಾಡಬೇಡಿ, ಪೆಟ್ರೋಲ್ ಹುಡುಗಾಟ ಅಲ್ಲ.

ಹಳೆಯ ಗಾಡಿಯ ರಬ್ಬರ್ ಪೈಪುಗಳನ್ನೂ ಟೇಬಲ್ ಮೇಲೆ ಇಟ್ಟಿದ್ದೇವೆ. ಮುಟ್ಟಿದರೆ ಬೆರಳಿಗೆ ಕಪ್ಪು ಅಂಟುತ್ತದೆ, ಬಗ್ಗಿಸಿದರೆ ಸಣ್ಣ ಬಿರುಕುಗಳು ಬಾಯಿ ಬಿಡುತ್ತವೆ. ಬಿಸಿ ಇಂಜಿನ್ ಪಕ್ಕ ಇಂಥ ಪೈಪು ತೊಟ್ಟಿಕ್ಕಿದರೆ ಹೋಗುವುದು ಬರೀ ದುಡ್ಡಲ್ಲ. ಅದಕ್ಕೇ ಈ ತಪಾಸಣೆ.

ಬಂಕಿನಲ್ಲಿ ಸಿಗುವ, 20% ಎಥೆನಾಲ್ ಬೆರೆತ ಪೆಟ್ರೋಲಿಗೆ ಹೆದರಿ ಗಾಡಿ ನಿಲ್ಲಿಸಬೇಕಿಲ್ಲ. ನಿಮ್ಮ ಗಾಡಿಗೆ ಎಷ್ಟರವರೆಗೆ ಆಗುತ್ತದೆ ಅನ್ನುವುದು ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಕೆಲವು ಗಾಡಿಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೂ ಬರೆದಿರುತ್ತದೆ. ಓದಲು ತೊಡಕಾದರೆ ಫೋಟೋ ಕಳಿಸಿ, ನಾವು ನೋಡಿ ಹೇಳುತ್ತೇವೆ.

ಯಾರಾದರೂ ಆಗಲೇ ಬೆರೆಸಿದ್ದರೆ ಸಂಕೋಚ ಬೇಡ. ಗಾಡಿ ಸ್ಟಾರ್ಟ್ ಮಾಡದೆ ಫೋನ್ ಮಾಡಿ. ನಮ್ಮ ಹುಡುಗರು ಮನೆ ಹತ್ತಿರವೇ ಬಂದು ಟ್ಯಾಂಕ್ ಖಾಲಿ ಮಾಡಿಕೊಡುತ್ತಾರೆ. ಈ ತಿಂಗಳ ಕೊನೆವರೆಗೆ ಆ ಕೆಲಸಕ್ಕೆ ಮಜೂರಿ ತೆಗೆದುಕೊಳ್ಳುವುದಿಲ್ಲ.

ಇಂತಿ ನಿಮ್ಮ,
ಗ್ಯಾರೇಜಿನ ಬಳಗ, ದಾವಣಗೆರೆ